ಆರುನೂರು ಗ್ರಾಮಿನ ಸುಳ್ಳು

ನಾನೊಂದು ತೂಗುತಕ್ಕಡಿ. ದುಂಡು ಮುಖ, ಅದರ ಮೇಲೊಂದು ಮುಳ್ಳು, ಹೊಟ್ಟೆಯೊಳಗೆ ಸ್ಪ್ರಿಂಗು, ಕೆಳಗೊಂದು ಕೊಕ್ಕೆ. ಕೊಕ್ಕೆಗೆ ಜೋಳಿಗೆ ಕಟ್ಟಿ ಕೂಸನ್ನು ಕೂರಿಸಿದರೆ ಅದರ ತೂಕ ಹೇಳುತ್ತೇನೆ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಲ್ಲೊಬ್ಬ ನನಗೆ ಐದು ಕಿಲೋ ಗುಂಡು ನೇತುಹಾಕಿದ. ಮುಳ್ಳು ಐದರ ಮೇಲೆ ನಿಂತಿತು. "ಪಾಸು!" ಎಂದು ಬೆನ್ನು ತಟ್ಟಿದ. ಅವತ್ತೇ ನನಗೆ ಭಯ ಹಿಡಿಯಿತು. ಮುಂದೊಂದು ದಿನ ತಪ್ಪು ಹೇಳಿಬಿಟ್ಟರೆ ಏನು ಗತಿ?

ಕಲಬುರಗಿ ಕಡೆಯ ಒಂದು ಕಲ್ಲುಗಣಿಗೆ ನನ್ನನ್ನು ತಂದರು. ಅಲ್ಲಿ 'ಮಡಿಲು' ಎಂಬ ಪುಟ್ಟ ಸಂಸ್ಥೆಯಿತ್ತು. ಕಲ್ಲು ಒಡೆಯುವ ಹೆಂಗಸರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವುದು, ತೂಕ ಕಡಿಮೆಯಿದ್ದವಕ್ಕೆ ಮೊಟ್ಟೆ, ಶೇಂಗಾ ಉಂಡೆ ಕೊಡುವುದು ಅದರ ಕೆಲಸ. ಆಯಾ ಚಂದಮ್ಮ ನನ್ನನ್ನು ಬೇವಿನ ಟೊಂಗೆಗೆ ಕಟ್ಟುತ್ತಿದ್ದಳು. ಜೋಳಿಗೆಯಲ್ಲಿ ಕೂತ ಕೂಸುಗಳು ಹೋ ಎಂದು ಅಳುತ್ತಿದ್ದವು. ಅವಕ್ಕಿಂತ ನಾನೇ ಹೆಚ್ಚು ಹೆದರಿದ್ದೆ ಎಂದು ಅವಕ್ಕೇನು ಗೊತ್ತು!

ಆರು ವರ್ಷ ಹೇಗೋ ಮಾನ ಉಳಿಸಿಕೊಂಡೆ. ಒಂದು ಬೇಸಿಗೆಯಲ್ಲಿ ಹಾಳಾದ್ದು ಸ್ಪ್ರಿಂಗು ಸಡಿಲಾಯಿತು. ಬರಿ ಜೋಳಿಗೆ ಕಟ್ಟಿದಾಗ ಮುಳ್ಳು ಸೊನ್ನೆಯಲ್ಲೇ ಇರುತ್ತಿತ್ತು. ಕೂಸು ಕೂತೊಡನೆ ಅರ್ಧ ಕಿಲೋಗೂ ಮುಂದಕ್ಕೆ ಜಾರುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ.

ಒಂದೂವರೆ ವರ್ಷದ ಕಾಶಿ ಹಿಂದಿನ ತಿಂಗಳು ಏಳು ಕಿಲೋ ಆರುನೂರು ಇದ್ದಳು. ಈಗ ನಾನು ಎಂಟು ಕಿಲೋ ಇನ್ನೂರು ಎಂದುಬಿಟ್ಟೆ.

"ನಮ್ಮ ಕಾಶಿ ಮೈ ಕೈ ತುಂಬಿಕೊಂಡಾಳ ನೋಡ್ರಿ ಅಕ್ಕೋರೆ!" ಸಂಸ್ಥೆ ನಡೆಸುವ ಸುಗಂಧಾ ಮೇಡಂ ಮುಂದೆ ಚಂದಮ್ಮ ಕುಣಿದಾಡಿದಳು.

ತೂಕ ಏರಿತಲ್ಲ, ಪಟ್ಟಿಯಿಂದ ಕಾಶಿಯ ಹೆಸರು ಹೋಯಿತು. ಮೊಟ್ಟೆಯೂ ನಿಂತಿತು, ತಿಂಗಳ ತೂಕವೂ ನಿಂತಿತು. ಅಯ್ಯೋ, ನನ್ನ ಮುಖ ನೋಡಬೇಡಿ, ಕೂಸಿನ ತೋಳು ನೋಡಿ ಎಂದು ಕೂಗಿಕೊಂಡೆ. ಕೊಕ್ಕೆ ಕಿರ್ ಎಂದಿತು, ಅಷ್ಟೇ.

ಎರಡು ತಿಂಗಳಾದ ಮೇಲೆ ಪಟ್ಟಣದಿಂದ ರುಕ್ಸಾನಾ ಬಂದರು. ಇಂಥ ಸಂಸ್ಥೆಗಳ ಕೆಲಸದಿಂದ ಏನು ಫಲ ಸಿಕ್ಕಿದೆ ಎಂದು ಅಳೆದು, ದೊಡ್ಡ ದಾನಿಗಳ ಮುಂದೆ ಇಡಲು ನೆರವಾಗುವುದು ಅವರ ಕೆಲಸ. ಸುಗಂಧಾ ಮೇಡಂ ವರದಿ ಮುಂದಿಟ್ಟರು. ಅರವತ್ತು ಮಕ್ಕಳಲ್ಲಿ ನಲವತ್ತೆರಡು ಸುಧಾರಿಸಿವೆ! ದಾನಿಗಳು ಒಪ್ಪಿದರೆ ಇನ್ನೂ ಮೂರು ಗಣಿಗಳಲ್ಲಿ 'ಮಡಿಲು' ತೆರೆಯಬಹುದು.

"ತಕ್ಕಡಿ ಸರಿ ಐತೋ ಇಲ್ಲೋ, ಯಾವಾಗ ನೋಡೀರಿ?" ರುಕ್ಸಾನಾ ಕೇಳಿದರು.

"ನಾವು ಕೂಸುಗಳಿಗಿ ತೂಗತೀವ್ರಿ. ತಕ್ಕಡಿಗಿ ಯಾರು ತೂಗತಾರ್ರಿ?" ಚಂದಮ್ಮ ನಕ್ಕಳು.

ಅಂಗಡಿಯಿಂದ ಒಂದೊಂದು ಕಿಲೋದ ಎಂಟು ಉಪ್ಪಿನ ಪಾಕೀಟು ಬಂದವು. ಸಿಕ್ಕಿಬಿದ್ದರೆ ನಾನು ಗುಜರಿಗೆ, ಸಿಕ್ಕಿಬೀಳದಿದ್ದರೆ ಕಾಶಿ ಹಸಿವಿಗೆ. ಜೋಳಿಗೆ ತುಂಬಿತು. ಮುಳ್ಳು ನಡುಗುತ್ತ ಎಂಟು ದಾಟಿತು, ಎಂಟು ಕಿಲೋ ಆರುನೂರಕ್ಕೆ ನಿಂತಿತು.

ಸುಗಂಧಾ ಮೇಡಂ ವರದಿಯನ್ನು ಎದೆಗೆ ಒತ್ತಿಕೊಂಡರು. "ನಾಳೆ ಕಳಿಸಬೇಕಾಗಿತ್ತಲ್ರೀ..." ಎಂದರು.

"ಕಾಶೀ!" ಎಂದು ಚೀರಿ ಚಂದಮ್ಮ ಕೂಸುಗಳ ಕಡೆ ಓಡಿದಳು. ಕೂಸನ್ನು ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಳು. ಏಳು ಕಿಲೋ ಇನ್ನೂರು. ಇದ್ದದ್ದೂ ಕರಗಿತ್ತು.

ಸುಗಂಧಾ ಮೇಡಂ ವರದಿ ಹರಿದು ಹಾಕಿದರು. ಹೊಸ ತಕ್ಕಡಿ ತರಿಸಿ ಅರವತ್ತು ಮಕ್ಕಳನ್ನೂ ಮತ್ತೆ ತೂಗಿದರು. ನಲವತ್ತೆರಡಲ್ಲ, ಹತ್ತೊಂಬತ್ತು. ನನ್ನ ತಪ್ಪನ್ನೂ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ದಾನಿಗಳು ಮೂರರ ಬದಲು ಒಂದೇ ಹೊಸ ಗಣಿಗೆ ಹಣ ಕೊಟ್ಟರು. ಕಾಶಿಗೆ ಅವತ್ತಿನಿಂದಲೇ ಮೊಟ್ಟೆ ಮತ್ತೆ ಶುರುವಾಯಿತು.

ನನ್ನನ್ನು ಗುಜರಿಗೆ ಹಾಕಲಿಲ್ಲ. ತರಬೇತಿ ಕೋಣೆಯ ಗೋಡೆಗೆ ನೇತುಹಾಕಿದ್ದಾರೆ. ಪ್ರತಿ ತಿಂಗಳು ಹೊಸ ತಕ್ಕಡಿಗೆ ಎಂಟು ಉಪ್ಪಿನ ಪಾಕೀಟು ಹಾಕಿ ನೋಡಿ, ಆಮೇಲೆ ಹೊಸ ಆಯಾಗಳಿಗೆ ತೋರಿಸಲು ನನಗೂ ಹಾಕುತ್ತಾರೆ. ನನ್ನ ಮುಳ್ಳು ಇನ್ನೂ ನಡುಗುತ್ತದೆ. ಈಗ ಕಾಶಿ ಶಾಲೆಗೆ ಹೋಗುತ್ತಾಳೆ. ಬರುವಾಗ ಹೋಗುವಾಗ ನನ್ನ ಕೊಕ್ಕೆ ಹಿಡಿದು ಜಗ್ಗುತ್ತಾಳೆ, ಬಾಯಿಗೆ ಬಂದ ತೂಕ ಹೇಳುತ್ತೇನೆ, ಬಿದ್ದು ಬಿದ್ದು ನಗುತ್ತಾಳೆ.

ನನ್ನ ಮಾತನ್ನು ಈಗ ಯಾರೂ ನಂಬುವುದಿಲ್ಲ. ಹುಟ್ಟಿದಂದಿನಿಂದ ಇಷ್ಟು ನೆಮ್ಮದಿ ನನಗೆ ಸಿಕ್ಕಿರಲಿಲ್ಲ.