ಪರದೆಯಲ್ಲಿ ಕಂಡ ಕೂಸು

ಕಾಶ್ಗರದ ಹಳೇ ಪೇಟೆಯಲ್ಲಿ ಕುರಿಮಾಂಸ ಮಾರುತ್ತಿದ್ದ ಸೆಮೆತ್‌ನ ಕತ್ತಿಯನ್ನು, ಯಾರ ಮೇಲಾದರೂ ಎತ್ತಿಯಾನೆಂದು, ಸರ್ಕಾರದವರು ಸರಪಳಿ ಹಾಕಿ ಗೋಡೆಗೆ ಬಿಗಿದು ಹೋಗಿದ್ದರು. ಅದಕ್ಕೂ ಅವನು ಒಗ್ಗಿಕೊಂಡ. ಒಗ್ಗಿಕೊಳ್ಳಲಾಗದೆ ಉಳಿದದ್ದು ಮಗಳ ಮೌನ. ಓದಲೆಂದು ಇಸ್ತಾಂಬುಲ್‌ಗೆ ಹೋದ ಜುಮ್ರೆತ್ ಅಲ್ಲೇ ಮದುವೆಯಾಗಿ ಉಳಿದಿದ್ದಳು. ಹೊರದೇಶದಿಂದ ಕರೆ ಬಂದವರನ್ನೆಲ್ಲ ಪೊಲೀಸರ ಯಂತ್ರ ಗುರುತು ಹಾಕಿಕೊಳ್ಳುತ್ತದೆಂದು ಗೊತ್ತಾದ ಮೇಲೆ, ಇನ್ನು ಫೋನ್ ಮಾಡಬೇಡವೆಂದು ಅವನೇ ಅವಳಿಗೆ ಹೇಳಿದ್ದ.

ಆದರೂ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಫೋನ್ ರಿಂಗಾಯಿತು. ನಂಬರ್ ನೋಡಿ ಸೆಮೆತ್ ಚಾಚಿದ ಕೈ ಹಿಂದೆಗೆದ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮಾಂಸಕ್ಕೆ ಬಂದು ನಿಂತವರು ಬೀದಿಯ ಕಡೆ ಮುಖ ತಿರುಗಿಸಿದರು.

ಮಾರನೆಯ ದಿನ, ಬಂದುಹೋಗುವವರ ಮುಖ ಗುರುತಿಸುವ ಪೇಟೆಬಾಗಿಲ ಕ್ಯಾಮೆರಾ ಅವನನ್ನು ನೋಡಿ ಕೆಂಪು ದೀಪ ಹಾಕಿತು; ಪೊಲೀಸರು ಠಾಣೆಗೆ ಕರೆದೊಯ್ದರು. ಅಲ್ಲಿ ಪೊಲೀಸನಾಗಿ ಕೂತಿದ್ದವನು ಅಬ್ಲಿಜ್, ಅವನ ಬೀದಿಯ ಹುಡುಗನೇ, ಚಿಕ್ಕಂದಿನಲ್ಲಿ ಅವನ ಮನೆಯಲ್ಲಿ ಉಂಡು, ಅವನನ್ನು ಆಕಾ, ಅಣ್ಣ, ಎಂದು ಕರೆದು ಬೆಳೆದವನು. ಪರದೆಯನ್ನು ಇತ್ತ ತಿರುಗಿಸಿದ. ಅಪ್ಪನಿಗೆಂದು ಮಗಳು ಕಳಿಸಿದ ಪಟ ದಾರಿಯಲ್ಲೇ ಇವರ ಕೈಸೇರಿತ್ತು. ಜುಮ್ರೆತ್, ಸೊರಗಿದ್ದಳು. ಅವಳ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಕೂಸು.

“ಇವಳ್ಯಾರು, ಸೆಮೆತ್ ಆಕಾ?”

“ಗೊತ್ತಿಲ್ಲಪ್ಪ.”

“ಸರಿಯಾಗಿ ನೋಡಿ ಹೇಳಿ. ನಿಮ್ ಮಗಳಲ್ವಾ?”

“ನಂಗೆ ಮಗಳಿಲ್ಲ. ಇದ್ದಳು. ದೇಶ ಬಿಟ್ಟೋದ್ಮೇಲೆ ನಮಗೂ ಬೇಡವಾದಳು.”

ಅದನ್ನೇ ಕ್ಯಾಮೆರಾದ ಮುಂದೆ ಇನ್ನೊಮ್ಮೆ ಹೇಳಿಸಿದರು. ಹೇಳುವಾಗಲೂ ಅವನ ಕಣ್ಣು ಕೂಸನ್ನು ಬಿಟ್ಟು ಕದಲಲಿಲ್ಲ. ಅಬ್ಲಿಜ್ ಪರದೆ ಆರಿಸಲು ತುಸು ತಡಮಾಡಿದ. ಬೇಕೆಂದೇ ಮಾಡಿದನೋ ಏನೋ.

ಮನೆಯ ಗೋಡೆಗೂ ಮಾತು ಕದ್ದು ಕೇಳುವ ಪೆಟ್ಟಿಗೆ ಹೊಡೆದಿದ್ದರು, ಅಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಮಧ್ಯಾಹ್ನ ಹೆಂಡತಿ ರಾಹಿಲೆ ಅಂಗಡಿಗೆ ಊಟ ತಂದಾಗ ಸೆಮೆತ್ ದಪ್ಪ ಮೂಳೆಯೊಂದನ್ನು ದಿಮ್ಮಿಯ ಮೇಲಿಟ್ಟು ಜೋರಾಗಿ ಕಡಿಯತೊಡಗಿದ. ಆ ಸದ್ದಿನ ಮರೆಯಲ್ಲಿ, ತಲೆ ಎತ್ತದೆ ಹೇಳಿದ:

“ಮೊಮ್ಮಗು ಹುಟ್ಟಿದೆ ಕಣೇ. ಹುಬ್ಬು ನಿಂದೇ.”

ರಾಹಿಲೆ ನಗಲಿಲ್ಲ, ಬೆಚ್ಚಲೂ ಇಲ್ಲ. ಬಟ್ಟಲನ್ನು ಅವನ ಮುಂದಿಟ್ಟು ಹೊರಟುಹೋದಳು. ಪೇಟೆಬಾಗಿಲು ಮುಟ್ಟುವಷ್ಟರಲ್ಲಿ ಅಳು ತಡೆಯಲಾಗಿರಲಿಲ್ಲ. ಯಂತ್ರದೆದುರು ಮುಖ ಒಡ್ಡಿದಾಗ ಕೆನ್ನೆಯೆಲ್ಲ ಒದ್ದೆ. ಯಾಕೆ ಅಳುತ್ತಿದ್ದೀಯ ಎಂದು ಬಾಗಿಲ ಪೊಲೀಸರು ಕೇಳಿದರಂತೆ. ಈರುಳ್ಳಿ ಹೆಚ್ಚಿದ್ದೆ ಎಂದಳಂತೆ. ಈರುಳ್ಳಿಗೆ ಯಾರೂ ಇಷ್ಟು ಹೊತ್ತು ಅಳುವುದಿಲ್ಲ ಎಂದು ಒಳಗೆ ಕರೆದೊಯ್ದರು.

ಇದನ್ನೆಲ್ಲ ತಿಳಿಸಿದವನು ಅಬ್ಲಿಜ್. ಎರಡು ದಿನ ಬಿಟ್ಟು ಮಾಂಸ ಕೊಳ್ಳುವ ನೆವದಲ್ಲಿ ಬಂದಿದ್ದ. ಅವಳನ್ನು ಪಾಠಶಾಲೆಗೆ ಕಳಿಸಿದ್ದಾರೆ ಎಂದ. ಆ ಪಾಠಶಾಲೆಯೆಂದರೆ ಮುಳ್ಳುತಂತಿ ಸುತ್ತಿದ ಸೆರೆಯೆಂದು ಊರಿಗೆಲ್ಲ ಗೊತ್ತಿತ್ತು.

“ಅವಳು ಏನೂ ಹೇಳ್ಲಿಲ್ವಾ?”

“ಈರುಳ್ಳಿ ಅಂತಾನೇ ಹೇಳ್ತಿದ್ರು.”

“ಯಾವಾಗ ಬಿಡ್ತಾರೆ?”

“ಅದನ್ನ ಕೇಳ್ಬೇಡಿ, ಆಕಾ.”

ಚಳಿಗಾಲ ಕಳೆಯಿತು, ಏಪ್ರಿಕಾಟ್ ಮರಗಳು ಹೂ ಬಿಟ್ಟವು. ರಾಹಿಲೆ ಬರಲಿಲ್ಲ. ಹೇಳಬಾರದಿತ್ತು ಎಂದು ಸೆಮೆತ್‌ಗೆ ದಿನವೂ ಅನ್ನಿಸುತ್ತದೆ. ಹೇಳದೆ ಹೋಗಿದ್ದರೆ ತಾನು ಅಜ್ಜಿಯಾದದ್ದು ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದೂ ಅನ್ನಿಸುತ್ತದೆ.