ಒಡಪಿನೊಳಗಿನ ಪಾಸ್‌ವರ್ಡ್

ತೊಂಬತ್ತಮೂರರಲ್ಲಿ ಆಳಂದದ ಕಬ್ಬು ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದಾಗ ಅಧ್ಯಕ್ಷ ಶಾಂತಲಿಂಗಪ್ಪ ಅದಕ್ಕೆ ವಿಭೂತಿ ಬಳಿದು, ಕಾಯಿ ಒಡೆದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದ. ಹೆತ್ತವನಿಗೂ ಅಷ್ಟು ಜಂಬ ಇರಲಿಕ್ಕಿಲ್ಲ. ಯಾರ ಹೊಲದ ಕಬ್ಬು ಮೊದಲು ಕಡಿಯಬೇಕು, ಯಾರದು ಆಮೇಲೆ ಎಂಬ ಪಾಳಿಯೆಲ್ಲ ಅದರೊಳಗೆ ಸೇರಿತು. ಆ ಪಾಳಿಯನ್ನು ಕಾಯುವುದು ಹೇಗೆಂದು ಹೇಳಲು ಸುಲಭಾ ಬಂದಾಗ ಮಾತ್ರ ಅವನಿಗೆ ನಗು ಬಂತು.

"ತಿಜೋರಿಗೆ ಕೀಲಿ ಹಾಕೂದು ಕೇಳೀನಿ ತಂಗಿ. ಟಿವಿಗೆ ಕೀಲಿ ಹಾಕೂದು ಇದ ಮೊದಲು ಕೇಳಾಕತ್ತೇನಿ."

ಸುಲಭಾ ಅದೇ ಊರಿನ ಗುರುರಾಜ ಮಾಸ್ತರರ ಮಗಳು. ಗುಲ್ಬರ್ಗಾದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಸಂಶೋಧನೆಗೆ ಕೂತಿದ್ದಳು. ಜನ ಎಂಥ ಪಾಸ್‌ವರ್ಡ್ ಇಡುತ್ತಾರೆ, ಬೇರೆಯವರು ಅದನ್ನು ಎಷ್ಟು ಸಲೀಸಾಗಿ ಊಹಿಸುತ್ತಾರೆ ಎಂಬುದೇ ಅವಳ ವಿಷಯ. ಬಹುಪಾಲು ಮಂದಿ ದೇವರ ಹೆಸರು, ಮನೆಯವರ ಹೆಸರು ಇಡುತ್ತಾರೆಂದು ಕಂಡುಕೊಂಡು, ಹೆಸರುಗಳನ್ನು ಒಪ್ಪದೇ ತಿರಸ್ಕರಿಸುವ ಪ್ರೋಗ್ರಾಂ ಒಂದನ್ನು ಬರೆದಿದ್ದಳು. ಅದನ್ನು ಸಂಘಕ್ಕೆ ಪುಕ್ಕಟೆ ಹಾಕಿಕೊಡುತ್ತೇನೆ ಎಂದಿದ್ದಳು. ಶಾಂತಲಿಂಗಪ್ಪ ಚಹಾ ಕುಡಿಸಿ ಕಳಿಸಿದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಅವಳು ಬಸ್ಸು ಹತ್ತಿದಳು.

ಹಂಗಾಮು ಶುರುವಾಗುತ್ತಲೇ ಪಾಳಿ ಬುಡಮೇಲಾಯಿತು. ಎಲ್ಲೋ ಹಿಂದಿದ್ದ ಶಾಂತಲಿಂಗಪ್ಪನ ತಮ್ಮನ ಕಬ್ಬು ಎಲ್ಲರಿಗಿಂತ ಮುಂದೆ ಬಂದು ನಿಂತಿತ್ತು. ಭೂಸನೂರಿನ ರೈತರು ಕಚೇರಿಗೆ ನುಗ್ಗಿದರು. ಅಧ್ಯಕ್ಷನ ಲೆಕ್ಕದಲ್ಲಿ ತಮ್ಮ ಮುಗ್ಧ, ಹಾಲುಗಲ್ಲದ ಕೂಸು! ತಪ್ಪು ಯಾರದು? ಕಂಪ್ಯೂಟರ್ ಮುಂದೆ ಕೂರುವ ಸುಮಿತ್ರಾಬಾಯಿಯದು. ಪಾಳಿ ಬದಲಾದದ್ದು ಅವಳ ಪಾಸ್‌ವರ್ಡಿನಿಂದ, ಅದು ಅವಳೊಬ್ಬಳಿಗೇ ಗೊತ್ತು, ಆದ್ದರಿಂದ ಕೆಲಸದಿಂದ ತೆಗೆಯಬೇಕು ಎಂದು ಶಾಂತಲಿಂಗಪ್ಪ ತನ್ನ ಕೈಯಾರೆ ಬರೆದು ಸಭೆ ಕರೆದ. ಕಬ್ಬಿನ ಹೊಲದ ಕೂಲಿ ಬಿಟ್ಟು, ಟೈಪಿಂಗ್ ಕಲಿತು ಆ ಕುರ್ಚಿಗೆ ಬಂದವಳು ಅವಳು. ಅದು ಹೋದರೆ ಮತ್ತೆ ಕುಡಗೋಲೇ ಗತಿ.

ಸುದ್ದಿ ಕೇಳಿ ಸುಲಭಾ ಸಭೆಗೆ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ.

"ನಿನ್ನ ಪಾಸ್‌ವರ್ಡ್ ಏನಿತ್ತು? ಹೇಳಬೇ" ಎಂದ ಶಾಂತಲಿಂಗಪ್ಪ.

ಸುಮಿತ್ರಾಬಾಯಿ ಸೆರಗು ಎಳೆದುಕೊಂಡು ನೆಲ ನೋಡಿದಳು. "ಹೇಳಾಕ ಬರೂದಿಲ್ರಿ."

"ನೋಡ್ರಿ, ಕಳ್ಳಿ ಬಾಯಿ ಬಿಡವಲ್ಲಳು!"

ಸುತ್ತ ಕೂತಿದ್ದ ಪಟಗ ಸುತ್ತಿದ ಗಂಡಸರೆಲ್ಲ ತಲೆಯಾಡಿಸಿದರು. ತಲೆ ಇರುವುದು ಅದಕ್ಕೇ ಎಂದು ನಂಬಿದವರು ಅವರು. ಅವರ ಹೆಂಡಂದಿರೂ ಇದೇ ಸೀಮೆಯ ರಿವಾಜಿನವರು, ಆದರೂ ಒಬ್ಬನಿಗೂ ಅವಳ ಬಾಯಿ ಯಾಕೆ ಕಟ್ಟಿತು ಎಂದು ಹೊಳೆಯಲಿಲ್ಲ. ಸುಲಭಾಳಿಗೆ ಹೊಳೆಯಿತು. ಈ ಅಡ್ನಾಡಿಗಳ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ಹಂಗ ಹೇಳಬ್ಯಾಡ್ರಿ. ಒಡಪು ಹಾಕಿ ಹೇಳ್ರಿ" ಎಂದಳು.

ಸುಮಿತ್ರಾಬಾಯಿಯ ಮುಖ ಕೆಂಪಾಯಿತು. ಗಂಡನ ಹೆಸರನ್ನು ಬರಿದೇ ಎತ್ತದ ಹೆಂಗಸರಿಗೆ ಇರುವ ದಾರಿ, ಪ್ರಾಸದ ಪದದಲ್ಲಿ ಅದನ್ನು ಪೋಣಿಸಿ ಹೇಳುವ ಆ ಒಡಪೊಂದೇ. ಗೋಡೆಯ ಕಡೆ ತಿರುಗಿ ಒಂದೇ ಉಸಿರಿಗೆ ಅಂದಳು:

"ಸಜ್ಜಿ ರೊಟ್ಟಿ ಬಡದು ಮ್ಯಾಲ ಎಳ್ಳ ಹಚ್ಚೇನಿ,
ಕಲ್ಯಾಣಪ್ಪನವರ ಕೈಹಿಡದು ಮನಸ ಮೆಚ್ಚೇನಿ."

ಆಮೇಲೆ ಮೆಲ್ಲಗೆ, "ನನ್ನ ಬಾಯಾಗ ಎಂದೂ ಬರದ ಹೆಸರು, ಯಾರಿಗೂ ತಿಳಿಯೂದಿಲ್ಲ ಅನಕೊಂಡಿದ್ದೆರಿ" ಎಂದಳು.

ಶಾಂತಲಿಂಗಪ್ಪ ಹೊಟ್ಟೆ ಹಿಡಿದು ನಕ್ಕ. "ಇದೇನು ಗುಟ್ಟಬೇ? ನಮ್ಮ ಬಸರಿ ಸೊಸಿ ಕುಬುಸದ ಕಾರ್ಯದಾಗ ಇದ ಒಡಪು ಹಾಕಿದಿ, ಮನಿಮಂದಿಯೆಲ್ಲಾ ಕೇಳ್ಯಾರ. ನಿನ್ನ ಗಂಡನ ಹೆಸರು ಕೂಸಿಗೂ ಗೊತ್ತು, ನನ್ನ ತಮ್ಮಗೂ ಗೊತ್ತು!"

ನಗು ಅಲ್ಲೇ ನಿಂತಿತು. ಭೂಸನೂರಿನ ಜಗದೇವಪ್ಪ, ಸಂಘದ ಹಳೆಯ ಸದಸ್ಯ, ಮೊದಲು ಬಾಯಿ ತೆರೆದ. "ಹಂಗಾರ ಈಕಿಗೊಬ್ಬಾಕಿಗೇ ಗೊತ್ತು ಅಂತ ಯಾಕ ಬರದ್ಯೋ ಶಾಂತಲಿಂಗಪ್ಪಾ?"

"ಹೆಂಗಸರ ಬುದ್ಧಿ ಮೊಣಕಾಲ ಕೆಳಗ, ಅದಕ್ಕ ಇಂಥಾ ಪಾಸ್‌ವರ್ಡ್ ಇಡ್ತಾವ" ಎಂದು ಶಾಂತಲಿಂಗಪ್ಪ ತಡವರಿಸಿದ. "ಗಂಡಸರು ಯಾರರ ಇಡ್ತಾರೇನು?"

ಸುಲಭಾ ಎದ್ದು ಹೋಗಿ ಕಂಪ್ಯೂಟರ್ ಮುಂದೆ ನಿಂತು, ಅಧ್ಯಕ್ಷರ ಖಾತೆಗೆ ಹೋಗಿ ಕೀಲಿಮಣೆ ಒತ್ತಿದಳು. ಮೊದಲ ಸಲಕ್ಕೇ ತೆರೆಯಿತು.

"ಏನ ಹೊಡದಿ?" ಎಂದ ಶಾಂತಲಿಂಗಪ್ಪ. ದನಿ ಇಳಿದಿತ್ತು.

"ನಿಮ್ಮದ ಹೆಸರ್ರಿ. ಆಕಿ ತನಗ ಬೇಕಾದವರ ಹೆಸರು ಇಟ್ಟಿದ್ದಳು. ನೀವೂ ಹಂಗ ಇಟ್ಟೀರಿ."

ಜಗದೇವಪ್ಪ ಉಕ್ಕಿ ಬಂದ ನಗುವನ್ನು ಶಲ್ಯದಲ್ಲಿ ಮುಚ್ಚಿಕೊಂಡ, ಉಳಿದವರು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಸಭೆ ಸುಮಿತ್ರಾಬಾಯಿಯನ್ನು ಕೆಲಸದಲ್ಲಿ ಉಳಿಸಿತು. ಸುಲಭಾ ಅಲ್ಲೇ ತನ್ನ ಪ್ರೋಗ್ರಾಂ ಹಾಕಿದಳು. ಹೊಸ ಪಾಸ್‌ವರ್ಡ್ ಹೇಗಿರಬೇಕೆಂದು ಸುಮಿತ್ರಾಬಾಯಿಗೆ ಕಿವಿಯಲ್ಲಿ ಹೇಳಿದಳು.

ಸುಮಿತ್ರಾಬಾಯಿ ತನ್ನ ಕುರ್ಚಿಗೆ ಬಂದಳು. ಮೊದಲ ಕೆಲಸವೆಂದರೆ ಅಧ್ಯಕ್ಷರ ತಮ್ಮನ ಕಬ್ಬನ್ನು ಅದರ ಜಾಗಕ್ಕೆ ಹಿಂದೆ ಕಳಿಸುವುದು. ಬೆರಳು ಕೀಲಿಮಣೆಯ ಮೇಲಿಟ್ಟವಳು ತಟಕ್ಕನೆ ನಿಂತು ತಲೆ ಎತ್ತಿದಳು.

"ಪಾಸ್‌ವರ್ಡ್ ಹೊಡೀಬೇಕ್ರಿ ಅಧ್ಯಕ್ಷರ. ಸ್ವಲ್ಪ ಅತ್ತಾಗ ತಿರಗ್ರಿ."

ಎಲ್ಲರೂ ನೋಡುತ್ತಿದ್ದರು. ಶಾಂತಲಿಂಗಪ್ಪ ಗೋಡೆಗೆ ಮುಖ ಮಾಡಿ ನಿಂತ.