ಕಾರಿನ ದೃಷ್ಟಿನಿಂಬೆ

ಸೊರಬದ ವಕೀಲ ರಘುಪತಿಯವರ ಹೆಂಡತಿ ನರ್ಮದಾ ಕಾರು ಹತ್ತುವಾಗಲೆಲ್ಲ ಕೈಯಲ್ಲೊಂದು ನಿಂಬೆಹಣ್ಣು ಇರುತ್ತಿತ್ತು. ಮೂರು ವರ್ಷದ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಊರ ಕಣ್ಣು ತಾಗದಿರಲೆಂದು ಈ ಏರ್ಪಾಡು ಎಂದೇ ರಘುಪತಿಯವರು ತಿಳಿದಿದ್ದರು. ಒಳಗೊಳಗೇ ಹಿಗ್ಗಿಯೂ ಇದ್ದರು. ಸಾಕ್ಷಿಯ ಒಂದೊಂದು ಶಬ್ದವನ್ನೂ ಹಿಂಜಿ ಪಾಟೀಸವಾಲು ಹಾಕುವ ಮನುಷ್ಯ, ಮನೆಯಲ್ಲಿ ಸಿಕ್ಕ ಪುರಾವೆಯನ್ನು ಮಾತ್ರ ಇದ್ದ ಹಾಗೇ ಒಪ್ಪಿಕೊಂಡುಬಿಡುತ್ತಿದ್ದರು.

ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ವಿಭಾಳಿಗೆ ಗುರುವಾರ ಸಂಜೆಯವರೆಗೂ ಪ್ರಾಕ್ಟಿಕಲ್ ಕ್ಲಾಸು. ಮೊಮ್ಮಗಳನ್ನು ನೋಡಿಕೊಳ್ಳಲು ನರ್ಮದಾ ಹೋಗುತ್ತಿದ್ದರು. ಅವರನ್ನು ಕರೆದೊಯ್ಯುವ ಸಲುವಾಗಿ ರಘುಪತಿಯವರು ಅಲ್ಲಿನ ಕೋರ್ಟಿನಲ್ಲಿ ಏನಾದರೊಂದು ಕೆಲಸ ಹುಟ್ಟಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಫೋನು, ಟಿವಿ, ಕಕ್ಷಿದಾರರು. ಹೆಂಡತಿಯ ಮಾತು ಅಡ್ಡಿಯಿಲ್ಲದೆ ಕಿವಿಗೆ ಬೀಳುವುದು ವಾರಕ್ಕೊಮ್ಮೆ, ಆ ದಾರಿಯಲ್ಲಿ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಐವತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಚಂದ್ರಗುತ್ತಿ ರಸ್ತೆಯ ತಿರುವುಗಳಲ್ಲಿ ಬ್ರೇಕು ಮುಟ್ಟದೆ ಹೋಗಬೇಕೆಂಬ ಆಸೆ ಹುಟ್ಟಿತು. ಕಾರು ವಾಲಿದರೆ ತಮ್ಮ ಮರ್ಯಾದೆಯೇ ವಾಲಿದ ಹಾಗೆ ಆಗತೊಡಗಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಗಟ್ಟಿ ಸ್ಪ್ರಿಂಗು ತರಿಸಿ ಹಾಕಿಸಿದರು. ಕಾರು ಎರಡು ಬೆರಳು ತಗ್ಗಿತು. ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಯಿತು. ಶಿರಾಳಕೊಪ್ಪದ ಹಂಪುಗಳ ಮೇಲೆ ಮಾತ್ರ ಎತ್ತಿನಗಾಡಿಯಾಯಿತು.

ಎರಡು ಗುರುವಾರ ನರ್ಮದಾ ತುಟಿ ಕಚ್ಚಿ ಕೂತರು. ಮೂರನೆಯ ಗುರುವಾರ ಚಪ್ಪಲಿ ಮೆಟ್ಟುತ್ತ, "ನಾನು ಬಸ್ಸಿಗೆ ಹೋಗ್ತೀನಿ. ನೀವು ನಿಮ್ಮ ಕಾರಲ್ಲಿ ಬನ್ನಿ" ಎಂದರು.

"ಬಸ್ಸಿಗಾ? ಮನೆ ಮುಂದೆ ಕಾರು ಇಟ್ಕೊಂಡು?"

"ಬಸ್ಸಿನ ಸ್ಪ್ರಿಂಗು ಒಳಗೆ ಕೂತವ್ರಿಗೆ ಮಾರಾಯ್ರೆ. ನಿಮ್ಮದು ತಿರುವಿಗೆ."

ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ಹೊರಟ ರಘುಪತಿಯವರು ಕೋರ್ಟಿನ ಕಡೆ ತಿರುಗದೆ ಕೆಂಪಪ್ಪನ ಗ್ಯಾರೇಜಿಗೆ ಹೋದರು. ಶಿಕಾರಿಪುರದ ಈ ಹಳೆಯ ಮೆಕ್ಯಾನಿಕ್, ಕಾರಿಗಿಂತ ಮೊದಲು ಕಾರಿನವರನ್ನು ಬಿಚ್ಚುತ್ತಾನೆ ಎಂದು ಹೆಸರು.

"ಇಷ್ಟು ಚಂದ ಓಡ್ತದೆ ಕೆಂಪಪ್ಪ. ಮೂರು ವರ್ಷ ಸುಮ್ಮನಿದ್ದವಳು ಈಗ ಬಸ್ಸು ಹತ್ತಿದಾಳೆ."

ಕೆಂಪಪ್ಪ ಎಡಗಡೆಯ ಬಾಗಿಲು ತೆಗೆದು ಅದರ ಖಾನೆಯಲ್ಲಿ ಕೈಯಾಡಿಸಿದ. ಒಣಗಿದ ನಿಂಬೆಹಣ್ಣೊಂದು ಸಿಕ್ಕಿತು.

"ಇದೇನ್ರಿ ಸಾಹೇಬ್ರ?"

"ದೃಷ್ಟಿಗೆ."

"ದೃಷ್ಟಿ ನಿಂಬಿಹಣ್ಣು ಗಾಲಿ ಕೆಳಗ ಇರ್ತೈತ್ರಿ. ಇದಕ್ಕ ಉಗುರು ಊರ್ಯಾರ, ನೋಡ್ರಿಲ್ಲಿ. ಇದು ಮೂಸಾಕ. ಅಮ್ಮಾರಿಗೆ ನಿಮ್ಮ ಕಾರಾಗ ವಾಂತಿ ಬರ್ತೈತ್ರಿ, ಇವತ್ತಿಂದಲ್ಲ."

ರಘುಪತಿಯವರು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಪ್ಪೆಯ ತುಂಬ ಉಗುರಿನ ಗುರುತು. ನರ್ಮದಾ ಪ್ರತಿ ಸಲ ತರುತ್ತಿದ್ದುದು ಹೊಸ ಹಣ್ಣು; ಅಂದರೆ ಇವೆಲ್ಲವೂ ಒಂದೇ ಪ್ರಯಾಣದವು.

ವಿಭಾಳ ಮನೆಗೆ ಫೋನು ಹೋಯಿತು. ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನರ್ಮದಾ ಆಟೋದಲ್ಲಿ ಬಂದಿಳಿದರು. ಕೆಂಪಪ್ಪ ಯಜಮಾನರನ್ನು ಪಕ್ಕಕ್ಕೆ ಬಿಟ್ಟು ನೇರ ಕೇಳಿದ: "ಅಮ್ಮಾರ, ಹೊಟ್ಟಿ ತೊಳಸ್ತೈತೋ, ಸೊಂಟ ನೋಯ್ತೈತೋ?"

"ಮೊದಲು ಹೊಟ್ಟೆ. ಇವರು ರಿಪೇರಿ ಮಾಡಿಸಿದ ಮೇಲೆ ಸೊಂಟ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?" ರಘುಪತಿಯವರ ದನಿ ಕೋರ್ಟಿನದಾಗಿರಲಿಲ್ಲ.

"ಹೇಳಿದ್ರೆ ನನ್ನ ಬಸ್ಸು ಹತ್ತಿಸಿ ನೀವು ಮನೇಲಿ ಇರ್ತಿದ್ರಿ. ಹೊಟ್ಟೆ ತೊಳೆಸಿದ್ರೂ ಮಾತಾಡ್ಲಿಕ್ಕೆ ಬರ್ತದೆ. ಈಗ ಹಂಪು ಬಂದಲ್ಲೆಲ್ಲ ಮಾತೇ ತುಂಡಾಗ್ತದೆ, ಎಂತ ಮಾಡಾದು?"

ಕೆಂಪಪ್ಪ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಒರೆಸುವುದರಲ್ಲಿ ವಿಪರೀತ ಆಸಕ್ತಿ ತೋರಿಸಿದ. ಆಮೇಲೆ ಕೆಮ್ಮಿ ಹೇಳಿದ: "ಹಳೇ ಸ್ಪ್ರಿಂಗು ಡಿಕ್ಯಾಗ ಅದಾವಲ್ಲ, ಅವನ್ನ ಹಾಕಾನು. ಮೊದಲು ನಿಮ್ಮ ಶಾಕಬ್ಸರ್ ಸತ್ತಿದ್ವು, ಅದಕ್ಕ ಕಾರು ತೊಟ್ಲಾಗಿತ್ತು. ಒಂದೀಟು ಬಿಗಿ ಇರೋ ಹೊಸಾವು ಹಾಕ್ತೀನಿ. ಸ್ಪ್ರಿಂಗಿನ ಕೆಲಸ ಕುಣಿಯಾದು, ಶಾಕಬ್ಸರ್ ಕೆಲಸ ಸಾಕು ಕುಂದ್ರು ಅನ್ನಾದು."

"ತಿರುವಲ್ಲಿ ವಾಲ್ತದಾ?"

"ಸ್ವಲ್ಪ ವಾಲ್ತೈತ್ರಿ. ಹಂಪಿನ್ಯಾಗ ಸ್ವಲ್ಪ ಎತ್ತಾಕ್ತೈತಿ. ಎರಡೂ ಇಲ್ಲ ಅನ್ನೋನು ಕಾರು ಮಾರೋನು."

ಸಂಜೆ ಕೆಲಸ ಮುಗಿದು, ಮೊಮ್ಮಗಳನ್ನು ವಿಭಾಳಿಗೆ ಒಪ್ಪಿಸಿ ಹೊರಟಾಗ ನರ್ಮದಾ ಮುಂದಿನ ಸೀಟಿನಲ್ಲಿ ಅಳುಕುತ್ತಲೇ ಕೂತರು. ವಿಭಾಳ ಪಕ್ಕದ ಮನೆಯ ರಾಧಮ್ಮ ಉಪ್ಪಿನಕಾಯಿಗೆ ಬೆಲ್ಲ ಹಾಕಿದ ಪ್ರಕರಣ ಶುರುವಾಯಿತು. ಶಿರಾಳಕೊಪ್ಪದ ಮೊದಲ ಹಂಪು ಬಂತು. ರಘುಪತಿಯವರು ಉಸಿರು ಹಿಡಿದರು. ಕಾರು ಒಮ್ಮೆ ಎದ್ದು, ಒಮ್ಮೆ ಕೂತು, ಸುಮ್ಮನಾಯಿತು. "ಬೆಲ್ಲ" ಎಂಬ ಪದ ಹಂಪಿನ ಆಚೆಗೂ ಇಡಿಯಾಗಿಯೇ ತಲುಪಿತು.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪ್ರಕರಣ ಅರ್ಧಕ್ಕೇ ನಿಂತಿತು. ನೋಡಿದರೆ ನರ್ಮದಾಗೆ ನಿದ್ದೆ. ಮಾತಿಗಾಗಿ ಇಷ್ಟೆಲ್ಲ ಬಿಚ್ಚಿಸಿ ಕಟ್ಟಿಸಿದ ರಘುಪತಿಯವರು ರಸ್ತೆ ನೋಡಿದರು. ಮುಂದೊಂದು ಒಳ್ಳೆಯ ತಿರುವು. ಐವತ್ತರ ವೇಗದಲ್ಲಿ ತೆಗೆದುಕೊಂಡರು, ಕಾರು ತುಸುವೇ ವಾಲಿತು. ಮುಂದಿನದನ್ನು ಅರವತ್ತರಲ್ಲಿ.

"ರೀ," ಎಂದರು ನರ್ಮದಾ, ಕಣ್ಣು ತೆರೆಯದೆ.

ಕಾರು ನಲವತ್ತಕ್ಕಿಳಿಯಿತು.

"ಮುಂದಿನ ಗುರುವಾರ ಅರ್ಧ ಗಂಟೆ ಮೊದಲೇ ಹೊರಡಾಣ. ಕಾರು ಹೀಗೇ ನಿಧಾನ ಬಿಟ್ರೆ ಸಾಕು," ಎಂದು ಅವರು ಸೀಟನ್ನು ಇನ್ನಷ್ಟು ಹಿಂದಕ್ಕೊರಗಿಸಿಕೊಂಡರು.